ತವರಲ್ಲಾದದ್ದು ಲೆಕ್ಕಕ್ಕಿಲ್ಲ

ಬಸವನಗುಡಿಯ ನಮ್ಮ ಸಂಶೋಧನಾ ಕೇಂದ್ರದಲ್ಲಿ ಒಂದು ಕಟ್ಟಳೆ ಇತ್ತು. ವರದಿ ಬರೆದವರು ತಾವೇ ಅದರ ವಿರುದ್ಧ ಎದ್ದು ನಿಂತು ವಾದಿಸುವವರೆಗೆ ಆ ವರದಿ ಗೇಟು ದಾಟುವಂತಿರಲಿಲ್ಲ. ನಮ್ಮ ನಿರ್ದೇಶಕರು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇದನ್ನು ‘ಪೂರ್ವಪಕ್ಷ’ ಎನ್ನುತ್ತಿದ್ದರು. ಹಳೆಯ ಶಾಸ್ತ್ರಕಾರರು ಮಾಡುತ್ತಿದ್ದದ್ದು ಅದನ್ನೇ ತಾನೆ? ಎದುರಾಳಿಯ ಮಾತನ್ನು ಮೊದಲು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡುವುದು.

“ಎದುರಾಳಿ ಬಾಗಿಲಲ್ಲಿ ನಿಂತು ಕೇಳಿಸ್ಕೋತಿದಾನೆ ಅಂದ್ಕೊಳ್ಳಿ,” ಎನ್ನುತ್ತಿದ್ದರು. “ಅವನು ‘ಹೌದು, ನಾನು ಹೇಳ್ಬೇಕು ಅಂದ್ಕೊಂಡಿದ್ದು ಇದೇ’ ಅನ್ನಬೇಕು. ಅಲ್ಲೀವರೆಗೂ ನಿಮ್ಮ ಉತ್ತರ ನಂಗೆ ಬೇಡ.”

ಪೂರ್ವಪಕ್ಷ ನಡೆಯುವ ಶನಿವಾರ ಮಧ್ಯಾಹ್ನ ಬಂತೆಂದರೆ ಉಳಿದವರಿಗೆ ತಲೆನೋವು. ನನಗೆ ಮಾತ್ರ ಹಬ್ಬ. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳು ನಾನು. ಚೀಟಿ ಎತ್ತಿ ಪರವೋ ವಿರೋಧವೋ ಎಂದು ಹೇಳಿದರೆ ಸಾಕು, ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಅಮ್ಮ ನನ್ನನ್ನು ‘ಲಾಯರಮ್ಮ’ ಎಂದೇ ಕರೆಯುತ್ತಿದ್ದಳು. ಅದು ಹೊಗಳಿಕೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಬಡವರಿಗೆ ಆರೋಗ್ಯ ವಿಮೆ ಎನ್ನುವ ಮಾತು ಆಗತಾನೆ ಸೆಮಿನಾರುಗಳಿಂದ ಇಳಿದು ಬೀದಿಗೆ ಬರುತ್ತಿತ್ತು. ಒಂದು ಇಲಾಖೆ ನಗರದ ಕೆಲವು ಬಡಾವಣೆಗಳಲ್ಲಿ ಪ್ರಾಯೋಗಿಕವಾಗಿ ಒಂದು ಯೋಜನೆ ನಡೆಸಿತ್ತು. ಮನೆಯಲ್ಲಿ, ಬೀದಿಯಲ್ಲಿ ಕೂತು ದುಡಿಯುವ ಹೆಂಗಸರ ಸಂಘಗಳಿಗೆ ವಿಮೆ. ಕಂತಿನ ಬಹುಪಾಲು ಸರ್ಕಾರದ್ದು, ಸ್ವಲ್ಪ ಸದಸ್ಯರದ್ದು. ಆಸ್ಪತ್ರೆಗೆ ಸೇರಿದರೆ ಖರ್ಚು ಕಂಪನಿಯದು, ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆಯೇ ಆಗಬೇಕು. ಪಟ್ಟಿಯಲ್ಲಿದ್ದವೆಲ್ಲ ಬೆಂಗಳೂರಿನವೇ. ಪ್ರಯೋಗದ ಅವಧಿ ಮುಗಿಯುತ್ತ ಬಂದಿತ್ತು. ಹಣ ಕೇಳಿ ಬಂದವರು ಮಾತ್ರ ಬೆರಳೆಣಿಕೆಯಷ್ಟು. ಯೋಜನೆ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಒಂದು ಸಮಿತಿ ತೀರ್ಮಾನಿಸಬೇಕಿತ್ತು. ಜನ ಯಾಕೆ ಬಳಸುತ್ತಿಲ್ಲ ಎಂದು ತಿಳಿದು ಹೇಳುವ ಕೆಲಸ ನಮ್ಮ ಕೇಂದ್ರಕ್ಕೆ, ಅಲ್ಲಿಂದ ನನ್ನ ಮೇಜಿಗೆ ಬಂತು.

ನನಗೆ ಉತ್ತರ ಮೊದಲೇ ಗೊತ್ತಿತ್ತು. ಬಡವರ ಜೇಬು ಖಾಲಿಯಾಗುವುದು ಆಸ್ಪತ್ರೆಯ ಮಂಚದ ಮೇಲಲ್ಲ, ಔಷಧಿ ಅಂಗಡಿಯ ಮುಂದೆ. ತಿಂಗಳಾನುಗಟ್ಟಲೆ ನುಂಗುವ ಮಾತ್ರೆಗೆ ಈ ವಿಮೆ ಕೊಡುವುದೇನು? ಏನೂ ಇಲ್ಲ. ಸರ್ಕಾರದ ಹಣವನ್ನು ಖಾಸಗಿ ಆಸ್ಪತ್ರೆಗೆ ಸಾಗಿಸುವ ಕಾಲುವೆ ತೋಡುವ ಬದಲು ವಾರ್ಡಿನ ಚಿಕಿತ್ಸಾಲಯದಲ್ಲಿ ವೈದ್ಯರನ್ನು ಕೂರಿಸಿ, ಔಷಧಿ ಇಡಿ. ಇದನ್ನು ನಾನು ಸೆಮಿನಾರೊಂದರಲ್ಲಿ ಮೇಜು ಕುಟ್ಟಿಯೇ ಹೇಳಿದ್ದೆ.

ಅಂಕಿಅಂಶ ನೋಡಿಕೊಳ್ಳುತ್ತಿದ್ದ ನನ್ನ ಸಹೋದ್ಯೋಗಿ ಕಾಲೇಜಿನಿಂದಲೂ ಗೆಳೆಯ. ಪ್ರಶ್ನಾವಳಿ ಬರೆಯಲು ಕೂತಾಗ ಕೇಳಿದ, “ಗುರು, ವರದಿ ಬರೆದಾದ್ಮೇಲೆ ಸರ್ವೆ ಮಾಡೋ ಪ್ಲಾನಾ?”

“ಬಾಯ್ಮುಚ್ಕೊಂಡು ಬರಿ,” ಅಂದೆ.

ಹಣ ಕೇಳಿ ಬಂದಿಲ್ಲ ಎಂದರೆ ಎರಡು ಅರ್ಥ ಇರಬಹುದು. ಜನ ಆಸ್ಪತ್ರೆಗೇ ಸೇರುತ್ತಿಲ್ಲ, ಅಥವಾ ಸೇರಿದರೂ ಕಾರ್ಡು ತೋರಿಸುತ್ತಿಲ್ಲ. ಇವೆರಡನ್ನು ಬೇರ್ಪಡಿಸಲು ಮನೆ ಮನೆಗೆ ಹೋಗಿ ಕೇಳಬೇಕು. ಸಮೀಕ್ಷೆಯಲ್ಲಿ ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು. ಇದು ಎಲ್ಲರೂ ಒಪ್ಪಿದ ವ್ಯಾಖ್ಯೆ, ನಾವೂ ಅದನ್ನೇ ಇಟ್ಟುಕೊಂಡೆವು. ಮುಖ್ಯ ಪ್ರಶ್ನೆ ಹೀಗಿತ್ತು: ‘ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದ್ದರೇ?’ ಸರಳ, ನೇರ. ನನಗೆ ಹೆಮ್ಮೆಯಿತ್ತು.

ಚಾಮರಾಜಪೇಟೆಯಲ್ಲಿ, ಮಾರುಕಟ್ಟೆಯ ಕಡೆಗೆ ಇಳಿಯುವ ಓಣಿಗಳಲ್ಲಿ ಹೂ ಕಟ್ಟುವವರ ಸಂಘವೊಂದಿತ್ತು. ಬೆಳಿಗ್ಗೆ ಹೋದರೆ ಮನೆಗಳಿಗೆ ಬೀಗ, ಎಲ್ಲ ಮಾರುಕಟ್ಟೆಯಲ್ಲಿ. ಮಧ್ಯಾಹ್ನ ಹೋದರೆ ಹೊಸಿಲ ಮೇಲೆ ಸಾಲಾಗಿ ಕೂತು ಹೂ ಕಟ್ಟುತ್ತಿರುತ್ತಾರೆ. ಮಾತಾಡುತ್ತಾರೆ, ಆದರೆ ತಲೆ ಎತ್ತುವುದಿಲ್ಲ.

ಸಂಘದ ಅಧ್ಯಕ್ಷೆಗೆ ನಲವತ್ತರ ಆಸುಪಾಸು, ದೊಡ್ಡ ಬಾಯಿ. ಮೊದಲ ದಿನವೇ ನನ್ನನ್ನು ವಿಚಾರಣೆಗೆ ಒಳಪಡಿಸಿದಳು.

“ನೀವ್ ಬರ್ಕೊಂಡು ಹೋದ್ರೆ ನಮ್ ಕಾರ್ಡು ಉಳಿಯುತ್ತೋ, ಹೋಗುತ್ತೋ? ಅದನ್ ಹೇಳಿ ಮೊದ್ಲು.”

“ಅದು ನೀವು ಕೊಡೋ ಉತ್ತರದ ಮೇಲಿದೆ.”

“ಆಹಾ! ಹಂಗಾದ್ರೆ ಯಾವ್ ಉತ್ರ ಬೇಕು ಅದನ್ನೂ ನೀವೇ ಹೇಳ್ಬಿಡಿ ಮೇಡಂ, ಬಾಯಿಪಾಠ ಮಾಡ್ಕೋತೀವಿ.” ಓಣಿಯೆಲ್ಲ ನಕ್ಕಿತು.

ಅವಳ ಪಿತ್ತಕೋಶದಲ್ಲಿ ಕಲ್ಲಿತ್ತು. ಉಂಡ ಮೇಲೆ ಪಕ್ಕೆ ಹಿಡಿದು ಗೋಡೆಗೆ ಒರಗಿ ಕೂರುತ್ತಿದ್ದಳು. ಆಪರೇಷನ್ ಮಾಡಿಸು, ತಡಮಾಡಿದರೆ ಕಾಮಾಲೆಗೆ ತಿರುಗಬಹುದು ಎಂದು ವೈದ್ಯರು ಹೇಳಿ ತಿಂಗಳುಗಳಾಗಿದ್ದವು. ಕಾರ್ಡಿದೆ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಒಂದು ಬಸ್ಸಿನ ದಾರಿ.

“ಮತ್ತೆ ಯಾಕೆ ಮಾಡಿಸ್ಕೊಂಡಿಲ್ಲ?”

“ಮಾಡಿಸ್ಕೋತೀನಿ ಬಿಡಿ. ಯುಗಾದಿ ಕಳೀಲಿ.”

‘ಕಾರ್ಡಿನ ಮೇಲೆ ನಂಬಿಕೆ ಇಲ್ಲ’ ಎಂದು ಟಿಪ್ಪಣಿ ಬರೆದುಕೊಂಡು ಮುಂದಿನ ಹೊಸಿಲಿಗೆ ಹೋದೆ.

ಉತ್ತರಗಳು ಒಂದೇ ರಾಗ. ಯಾರಾದರೂ ಆಸ್ಪತ್ರೆಗೆ ಸೇರಿದ್ದರೇ? ಇಲ್ಲ. ನಿಮ್ಮ ಮನೆಯಲ್ಲಿ? ಇಲ್ಲಮ್ಮ. ಗೆಳೆಯ ಎಲ್ಲವನ್ನೂ ಎರಡೆರಡು ಸಲ ಕಂಪ್ಯೂಟರಿಗೆ ತುಂಬಿ ತಾಳೆ ನೋಡಿದ. ತಪ್ಪಿಲ್ಲ. ಕೆಮ್ಮು, ಮಂಡಿನೋವು, ರಕ್ತದೊತ್ತಡ, ಮಾತ್ರೆಯ ಖರ್ಚು ಬೇಕಾದಷ್ಟು ಇತ್ತು. ಆಸ್ಪತ್ರೆ ವಾಸ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನನ್ನ ವಾದಕ್ಕೆ ಹೇಳಿ ಮಾಡಿಸಿದಂಥ ಫಲಿತಾಂಶ! ‘ಈ ಜನರಿಗೆ ಆಸ್ಪತ್ರೆ ವಿಮೆಯ ಅಗತ್ಯವೇ ಕಾಣುತ್ತಿಲ್ಲ. ಯೋಜನೆ ನಿಲ್ಲಿಸಿ, ಆ ಹಣವನ್ನು ವಾರ್ಡ್ ಚಿಕಿತ್ಸಾಲಯಗಳಿಗೆ ಕೊಡಬೇಕು’ ಎಂದು ಕರಡು ಬರೆದೆ. ಎಲ್ಲೂ ಒಂದು ಬಿರುಕು ಇರಲಿಲ್ಲ.

ನಿರ್ದೇಶಕರು ಓದಿ ಕನ್ನಡಕ ತೆಗೆದರು. “ಬಿಗಿಯಾಗಿದೆ. ಶನಿವಾರ ಪೂರ್ವಪಕ್ಷ. ಯೋಜನೆ ಪರವಾಗಿ ಮಾತಾಡಿ.”

ಅದೇ ಕಷ್ಟವಾಯಿತು. ಪರವಾಗಿ ಹೇಳಲು ಏನಿದೆ? ಎರಡು ದಿನ ಮೊದಲು ಸಂಜೆ ಮನೆಯಲ್ಲಿ ಕೂತು ತಲೆ ಕೆರೆದುಕೊಂಡೆ. ಪ್ರಶ್ನೆಯನ್ನೇ ಜನ ತಪ್ಪು ತಿಳಿದಿದ್ದಾರೆ ಎಂದು ಎದುರಾಳಿ ವಾದಿಸಬಹುದು. ಹಾಗೆ ಆಗಲು ಸಾಧ್ಯವೇ ಇಲ್ಲ ಎಂದು ತೋರಿಸಲು ಅಮ್ಮನ ಮೇಲೇ ಪ್ರಯೋಗ ಮಾಡೋಣ ಅನ್ನಿಸಿತು. ಅಮ್ಮ ನಡುಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದಳು. ನಮ್ಮ ಅತ್ತಿಗೆ ಒಳಗೆ ಒಗ್ಗರಣೆಗೆ ಇಟ್ಟಿದ್ದರು.

“ಅಮ್ಮ, ಹೋದ ಒಂದು ವರ್ಷದಲ್ಲಿ ನಮ್ಮನೇಲಿ ಯಾರಾದ್ರೂ ಆಸ್ಪತ್ರೆಗೆ ಸೇರಿದ್ರಾ?”

“ಇಲ್ಲಪ್ಪ. ದೇವ್ರು ದೊಡ್ಡೋನು. ಯಾರೂ ಆಸ್ಪತ್ರೆ ಮೆಟ್ಲು ಹತ್ತಿಲ್ಲ.”

ನೋಡಿದೆಯಾ, ಎಂದು ಕಾಣದ ಎದುರಾಳಿಗೆ ಹೇಳಿಕೊಂಡೆ. ಅಷ್ಟರಲ್ಲಿ ಅಮ್ಮನೇ ಒಳಗೆ ತಿರುಗಿ ಕೂಗಿದಳು, “ಆ ದೊಡ್ಡ ಕುಕ್ಕರ್ ಎತ್ಬೇಡ್ವೇ! ಡಾಕ್ಟ್ರು ಭಾರ ಎತ್ಬೇಡಿ ಅಂದಿಲ್ವಾ?”

ನಾನು ಪೆನ್ನು ಕೆಳಗಿಟ್ಟೆ. “ಯಾವ ಡಾಕ್ಟ್ರು?”

“ಹಾಸನದ ಡಾಕ್ಟ್ರು ಕಣೆ. ದೀಪಾವಳೀಲಿ ಅಪೆಂಡಿಕ್ಸ್ ಆಯ್ತಲ್ಲ ಇವ್ಳಿಗೆ.” ನನಗೂ ಗೊತ್ತಿದ್ದದ್ದೇ, ಆದರೆ ನನ್ನ ಲೆಕ್ಕಕ್ಕೂ ಬಂದಿರಲಿಲ್ಲ.

“ಅಮ್ಮ! ಈಗ ತಾನೆ ಯಾರೂ ಸೇರಿಲ್ಲ ಅಂದೆ!”

ಅಮ್ಮ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. “ಅದು ಅವಳ ತವರಲ್ಲಿ ಆಗಿದ್ದು. ಅವರಪ್ಪ ಸೇರಿಸಿದ್ದು, ಅವರಮ್ಮ ನೋಡ್ಕೊಂಡಿದ್ದು. ನೀನು ಕೇಳಿದ್ದು ನಮ್ಮನೇದು.”

ನಾನು ಅತ್ತಿಗೆಯ ಕಡೆ ತಿರುಗಿದೆ. ಆಪರೇಷನ್ ಮಾಡಿಸಿಕೊಂಡವರೇ ಅವರು, ಅವರಾದರೂ ತಿದ್ದಬಹುದಿತ್ತಲ್ಲ? ಸೌಟು ಹಿಡಿದು ಬಾಗಿಲಿಗೆ ಬಂದಿದ್ದವರು, “ನಾನೂ ಹಂಗೇ ಅನ್ಕೊಂಡೆ,” ಎಂದರು.

“ಅಲ್ಲ ಅತ್ತಿಗೆ, ಬೆಂಗಳೂರಲ್ಲಿ ಇಷ್ಟು ಆಸ್ಪತ್ರೆ ಇಟ್ಕೊಂಡು ಹಾಸನಕ್ಕೆ ಹೋಗಿ ಮಾಡಿಸ್ಕೊಂಡಿದ್ದು ಯಾಕೆ?”

ಅತ್ತಿಗೆ ಅಮ್ಮನ ಕಡೆ ಒಮ್ಮೆ ನೋಡಿದರು. “ಇಲ್ಲಿ ಮಾಡಿಸ್ಕೊಂಡ್ರೆ ನಾಲ್ಕನೇ ದಿನ ಎದ್ದು ನಿಮ್ಮಣ್ಣಂಗೆ ಡಬ್ಬಿ ಕಟ್ಬೇಕು. ನೀವ್ಯಾರೂ ಕಟ್ಟು ಅನ್ನಲ್ಲ. ನಂಗೇ ಮಲಗಿರಕ್ಕೆ ಆಗಲ್ಲ. ಅಲ್ಲಾದ್ರೆ ಮಲಗ್ಬಹುದು.”

“ಎಲ್ಲ ಹೆಣ್ಮಕ್ಳೂ ಮಾಡೋದೇ ಅದು,” ಎಂದಳು ಅಮ್ಮ. “ನನ್ ಗರ್ಭಕೋಶದ ಆಪರೇಷನ್ನೂ ನಮ್ಮಮ್ಮನ ಮನೇಲೇ ಆಗಿದ್ದು. ಏನ್ ಹೊಸ್ದಾಗಿ ಕಂಡುಹಿಡಿದೋಳ ಥರ ಬಾಯಿ ಬಿಟ್ಕೊಂಡಿದೀಯ ಲಾಯರಮ್ಮ?”

ಆ ರಾತ್ರಿ ಪ್ರಶ್ನಾವಳಿ ತೆರೆದು ಮುಖ್ಯ ಪ್ರಶ್ನೆಯನ್ನು ಮತ್ತೆ ಓದಿದೆ. ಒಂದೇ ಒಲೆ ಎಂಬ ವ್ಯಾಖ್ಯೆ ಊಟಕ್ಕೆ ಸರಿ, ಸಾಲಕ್ಕೆ ಸರಿ. ಆದರೆ ಹೆಂಗಸಿನ ಕಾಯಿಲೆ ಎರಡು ಒಲೆಗಳ ನಡುವೆ ಓಡಾಡುತ್ತದೆ. ಈ ಒಲೆಯ ಹತ್ತಿರ ನೋವು ಶುರುವಾಗುತ್ತದೆ, ಆ ಒಲೆಯ ಹತ್ತಿರ ಚಿಕಿತ್ಸೆ ಆಗುತ್ತದೆ. ನಾವು ಈ ಒಲೆಯ ಮುಂದೆ ಮಾತ್ರ ಪ್ರಶ್ನೆ ಕೇಳಿ, ಬೂದಿ ತಣ್ಣಗಿದೆ ಎಂದು ಬರೆದುಕೊಂಡು ಬಂದಿದ್ದೆವು.

ಮರುದಿನ ಗೆಳೆಯನಿಗೆ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ವರದಿಯ ಕರಡು ತೆರೆದ. “ಅಡಿಟಿಪ್ಪಣಿ ಹಾಕ್ಬಿಡೋಣ. ‘ಬೇರೆ ಊರಿನಲ್ಲಿ ಪಡೆದ ಚಿಕಿತ್ಸೆ ಸೇರಿಲ್ಲದಿರಬಹುದು.’ ಮುಗೀತು.”

ಅಡಿಟಿಪ್ಪಣಿಯ ಅನುಕೂಲವೇ ಅದು. ಸುಳ್ಳು ಹೇಳಿದಂತಾಗುವುದಿಲ್ಲ, ನಿಜ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ವಾದವೂ ಉಳಿಯುತ್ತಿತ್ತು. ಒಪ್ಪಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿದ್ದು ಹೌದು. ಆದರೆ ಶನಿವಾರ ಆ ಕೋಣೆಯಲ್ಲಿ ನಿಂತು ಎದುರಾಳಿಯ ಮಾತು ಹೇಳಬೇಕಾದವಳು ನಾನೇ. ಗೊತ್ತಿದ್ದೂ ಅವನ ಅತಿ ಬಲವಾದ ವಾದವನ್ನು ನುಂಗಿದರೆ ಅದು ಚರ್ಚೆ ಹೇಗಾಗುತ್ತದೆ?

ಶನಿವಾರ ಎದ್ದು ನಿಂತು ಎಲ್ಲ ಹೇಳಿದೆ. ಅಮ್ಮನ ಅವರೆಕಾಳಿನ ಸಮೇತ. ಎಲ್ಲರೂ ನಕ್ಕರು. ನಿರ್ದೇಶಕರು ನಗಲಿಲ್ಲ.

“ಇದಕ್ಕೆ ನಿಮ್ಮ ಉತ್ತರ?”

“ಉತ್ತರ ಇಲ್ಲ ಸರ್. ಶಿಫಾರಸು ವಾಪಸ್ ತಗೋತೀನಿ.”

“ಸಮಿತಿ ಸಭೆ ಮುಂದಕ್ಕೆ ಹೋಗಲ್ಲ. ವರದಿ ಹೋಗದೇ ಇದ್ರೆ ಬರೀ ಕ್ಲೇಮಿನ ಅಂಕಿ ನೋಡಿ ಮುಚ್ಚಿಬಿಡ್ತಾರೆ.”

“ಒಂದೇ ಒಂದು ಓಣಿಗೆ ಮತ್ತೆ ಹೋಗ್ತೀವಿ. ಪ್ರಶ್ನೆ ಬದಲಾಯಿಸಿ ಕೇಳ್ತೀವಿ. ಸಿಕ್ಕಷ್ಟನ್ನೇ, ಇದು ಪೂರ್ತಿ ಅಲ್ಲ ಅಂತ ಬರೆದೇ ಸಮಿತಿಗೆ ಕೊಡೋಣ.”

ಅವರು ಗೆಳೆಯನತ್ತ ನೋಡಿದರು. ಅವನು ನಿಟ್ಟುಸಿರು ಬಿಟ್ಟು, “ಭಾನುವಾರದ ಮ್ಯಾಚು ಹೋಯ್ತು,” ಎಂದ. ಅದೇ ಒಪ್ಪಿಗೆ.

ಹೊಸ ಪ್ರಶ್ನೆಯಲ್ಲಿ ಆಸ್ಪತ್ರೆ ಎಂಬ ಪದ ಮೊದಲಿಗೆ ಇರಲೇ ಇಲ್ಲ. ‘ಹೋದ ವರ್ಷ ತವರಿಗೆ ಹೋಗಿ ಉಳಿದಿದ್ದು ಯಾವಾಗ? ಯಾಕೆ ಹೋಗಿದ್ದಿರಿ?’ ಅಷ್ಟೇ. ಉತ್ತರಗಳು ಬುಟ್ಟಿ ಮಗುಚಿದಂತೆ ಬಿದ್ದವು. ಒಬ್ಬಳಿಗೆ ಕನಕಪುರದಲ್ಲಿ ಗರ್ಭಕೋಶ ತೆಗೆದಿದ್ದರು. ಇನ್ನೊಬ್ಬಳಿಗೆ ಕೋಲಾರದಲ್ಲಿ ಹರ್ನಿಯಾ. ಮತ್ತೊಬ್ಬಳು ಮೂಳೆ ಮುರಿದ ಕಾಲು ಎಳೆದುಕೊಂಡು ಬಸ್ಸು ಹತ್ತಿ ಅಮ್ಮನ ಊರಿಗೆ ಹೋಗಿದ್ದಳು. ಎಲ್ಲರ ಬಳಿಯೂ ಕಾರ್ಡು ಇತ್ತು. ಆ ಊರುಗಳಲ್ಲಿ ಅದು ನಡೆಯುತ್ತಿರಲಿಲ್ಲ.

ಕೊನೆಗೆ ಅಧ್ಯಕ್ಷೆಯ ಹೊಸಿಲಿಗೆ ಬಂದೆವು. ಅವಳ ಮುಖ ಇಳಿದಿತ್ತು. ಹಿಂದಿನ ದಿನ ನೋವು ಬಂದು ವಾಂತಿಯಾಗಿತ್ತಂತೆ.

“ಯುಗಾದಿ ಕಳೀಲಿ ಅಂದ್ರಲ್ಲ, ಯಾಕೆ?”

“ನನ್ ತಂಗಿ ಬಾಣಂತನಕ್ಕೆ ಬಂದವ್ಳೆ ಊರಿಗೆ. ತುಮಕೂರ್ ಹತ್ರ ನಮ್ದು. ಇರೋದ್ ಒಬ್ಳು ಅಮ್ಮ. ಬಾಣಂತೀನ್ ನೋಡ್ತಾಳೋ, ನನ್ ಜೊತೆ ಆಸ್ಪತ್ರೇಲ್ ಕೂರ್ತಾಳೋ? ಅವ್ಳು ಎದ್ಮೇಲೆ ನಾನು.”

“ಇಲ್ಲೇ ಮಾಡಿಸ್ಕೊಂಡ್ರೆ ಕಾರ್ಡು ನಡೆಯುತ್ತಲ್ಲ?”

“ಕಾರ್ಡು ಗಂಜಿ ಕಾಯಿಸ್ಕೊಡುತ್ತಾ ಮೇಡಂ?” ಅವಳು ನಕ್ಕಳು, ನಗುವಾಗ ಪಕ್ಕೆ ಹಿಡಿದುಕೊಂಡಳು. “ನಮ್ಮೂರ್ ಕಡೆ ನಡೆಯಂಗೆ ಮಾಡಿ. ಉಳಿದಿದ್ ನಾವ್ ನೋಡ್ಕೋತೀವಿ.”

ಯುಗಾದಿಯ ಹೊತ್ತಿಗೆ ಯೋಜನೆಯ ಅವಧಿಯೂ ಮುಗಿಯುತ್ತಿತ್ತು. ಅವಳ ಸರದಿ ಬರುವಾಗ ಕಾರ್ಡೇ ಇರುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷತೆ ಇಲಾಖೆಯ ಹಿರಿಯ ಅಧಿಕಾರಿಯದು. ನನ್ನನ್ನು ಕಂಡೊಡನೆ ಗುರುತು ಹಿಡಿದರು. “ಸೆಮಿನಾರಲ್ಲಿ ವಿಮೆಗೆ ಗ್ರಹಚಾರ ಬಿಡಿಸಿದೋರು ನೀವೇ ಅಲ್ವೇನ್ರಿ? ಮುಚ್ಚಿ ಅಂತೀರಿ ತಾನೆ? ಬೇಗ ಹೇಳಿ, ಊಟದ ಹೊತ್ತು.”

ನಾನು ಮುಚ್ಚುವ ಪಕ್ಷದಿಂದಲೇ ಶುರು ಮಾಡಿದೆ. ಹಣ ಕೇಳಿ ಬಂದವರು ಕಡಿಮೆ. ದೂರದ ಆಸ್ಪತ್ರೆಗಳನ್ನು ಸೇರಿಸಿದರೆ ಸುಳ್ಳು ಬಿಲ್ಲು ಹಿಡಿಯುವುದು ಕಷ್ಟ. ಬೇಡದ ಆಪರೇಷನ್ ಮಾಡಿ ಹಣ ಎಳೆಯುವವರೂ ಇದ್ದಾರೆ. ಇದೇ ಹಣದಲ್ಲಿ ಎಷ್ಟೋ ಜನರಿಗೆ ಮಾತ್ರೆ ಕೊಡಬಹುದು. ವಿಮಾ ಕಂಪನಿಯ ಪ್ರತಿನಿಧಿ ತಲೆಯಾಡಿಸುತ್ತ ಹೋದರು. ತಾವು ಹೇಳಬೇಕೆಂದಿದ್ದ ಮಾತುಗಳೆಲ್ಲ ನನ್ನ ಬಾಯಿಂದಲೇ ಮುಗಿದಾಗ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಆಮೇಲೆ ಓಣಿಯ ವಿಷಯ ಹೇಳಿದೆ. ಈ ಹೆಂಗಸರು ಆಸ್ಪತ್ರೆಗೆ ಸೇರುತ್ತಿಲ್ಲ ಎಂಬುದು ನಿಜವಲ್ಲ. ನಾವು ಕೇಳಿದ ಮನೆಯಲ್ಲಿ, ನೀವು ಪಟ್ಟಿ ಮಾಡಿದ ಊರಿನಲ್ಲಿ ಸೇರುತ್ತಿಲ್ಲ, ಅಷ್ಟೆ.

“ಅಂದ್ರೆ ತವರುಮನೆಗೂ ವಿಮೆ ಮಾಡ್ಸೋಣ ಅಂತೀರಾ?” ಎಂದರು ಕಂಪನಿಯವರು. ಮೇಜಿನ ಸುತ್ತ ನಗು.

“ತವರು ಈಗಾಗ್ಲೇ ವಿಮೆ ಮಾಡಿದೆ ಸರ್, ಕಂತೇ ತಗೊಳ್ದೆ. ನಾನು ಕೇಳ್ತಿರೋದು ಸುತ್ತಲ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳನ್ನ ಪಟ್ಟಿಗೆ ಸೇರಿಸಿ ಅಂತ. ಹಣ ಖಾಸಗಿಗೆ ಹೋಗಲ್ಲ, ಸುಳ್ಳು ಬಿಲ್ಲಿನ ಭಯಾನೂ ಕಡಿಮೆ. ಸದಸ್ಯೆ ನಿಜವಾಗ್ಲೂ ಸೇರಿದಾಳಾ ಅಂತ ಸಂಘದೋರೇ ಹೋಗಿ ನೋಡಿ ಸಹಿ ಹಾಕ್ತಾರೆ. ಜೊತೇಲಿರೋರಿಗೆ ದಿನಕ್ಕಿಷ್ಟು ಅಂತ ಭತ್ಯೆ ಕೊಡಿ.”

ಅಧಿಕಾರಿ ಗಡಿಯಾರ ನೋಡಲಿಲ್ಲ. ಬೇರೆಲ್ಲೋ ನೋಡುತ್ತಿದ್ದರು. “ನಮ್ಮ ಮನೆಯೋರು ಕೂಡ ಹೋದ ವರ್ಷ ಮಂಡ್ಯಕ್ಕೇ ಹೋದ್ರು,” ಎಂದು ಮೆಲ್ಲಗೆ ಹೇಳಿದರು. ತಕ್ಷಣ ಗಂಟಲು ಸರಿಮಾಡಿಕೊಂಡು, “ಭತ್ಯೆ ಗಿತ್ಯೆ ಆಗಲ್ಲ. ಹಣಕಾಸಿನೋರು ಒಪ್ಪಲ್ಲ. ಸರ್ಕಾರಿ ಆಸ್ಪತ್ರೆ ಬೇಕಾದ್ರೆ ಸೇರಿಸೋಣ. ಇನ್ನೊಂದು ವರ್ಷ ನೋಡೋಣ,” ಎಂದರು.

ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಚರ್ಚಾಸ್ಪರ್ಧೆಯಲ್ಲಾದರೆ ಇದಕ್ಕೆ ಸಮಾಧಾನಕರ ಬಹುಮಾನ ಎನ್ನುತ್ತಾರೆ. ಮೆಟ್ಟಿಲಿಳಿಯುವಾಗ ನಿರ್ದೇಶಕರು, “ಈಗ್ಲಾದ್ರೂ ವಿಮೆ ಒಳ್ಳೇದು ಅಂತೀರಾ?” ಎಂದರು.

“ಇಲ್ಲ ಸರ್. ಮಾತ್ರೆ ಅಧ್ಯಾಯ ವರದೀಲಿ ಹಾಗೇ ಇದೆ. ಒಂದು ಪದ ತೆಗೆಯಲ್ಲ.”

“ಸಂತೋಷ,” ಎಂದರು.

ಭತ್ಯೆ ಇಲ್ಲ ಎಂದು ಸಂಘದ ಅಧ್ಯಕ್ಷೆಗೆ ತಿಳಿಸಲು ನನಗೆ ಅಳುಕಿತ್ತು. ಅವಳು ಓಣಿಯ ಕಡೆ ಒಮ್ಮೆ ಕೂಗಿದಳು, “ಏಯ್, ತುಮಕೂರ್ಗೆ ಯಾರ್ಯಾರ್ ಬರ್ತೀರೇ ನನ್ ಜೊತೆ ಕೂರಕ್ಕೆ?” ಅವಳ ಅಮ್ಮ ಬಾಣಂತಿಯನ್ನು ಬಿಟ್ಟು ಬರಬೇಕಿಲ್ಲ, ಆಸ್ಪತ್ರೆಯಲ್ಲಿ ಸಂಘದವರೇ ಪಾಳಿಯಲ್ಲಿ ಕೂರುವುದು, ಬಿಡುಗಡೆಯಾದ ಮೇಲೆ ಊರಿಗೆ ಹೋಗುವುದು ಎಂದು ಅಲ್ಲೇ ತೀರ್ಮಾನವಾಯಿತು. ಹೊಸ ಪಟ್ಟಿ ಜಾರಿಗೆ ಬಂದ ವಾರದಲ್ಲೇ ಅವಳು ದಾಖಲಾದಳು. ಕಾರ್ಡು ನಡೆಯಿತು. ಕಲ್ಲು ಹೊರಬಂತು.

ಕೆಲವು ದಿನ ಬಿಟ್ಟು ನಾನೂ ಗೆಳೆಯನೂ ಮುಂದಿನ ಸುತ್ತಿನ ಪ್ರಶ್ನೆಗಳನ್ನು ಹಿಡಿದು ಅವಳ ಊರಿಗೆ ಹೋದೆವು. ನಡುಮನೆಯ ಒಂದು ಬದಿಗೆ ತಂಗಿ ಮತ್ತು ಕೂಸು, ಇನ್ನೊಂದು ಬದಿಗೆ ಇವಳು. ಅವರಮ್ಮ ಒಲೆಯ ಮುಂದಿನಿಂದಲೇ ನಮ್ಮನ್ನು ಕರೆದರು.

“ಬನ್ನಿ ಬನ್ನಿ. ಒಂದ್ ಕಡೆ ಬಾಣಂತಿ, ಒಂದ್ ಕಡೆ ಆಪ್ರೇಸನ್ನು. ಇಬ್ರುಗೂ ಒಂದೇ ಮೆಣಸಿನ್ ಸಾರು. ನಂಗೇನ್ ಕಷ್ಟ?”

ಗೆಳೆಯ ಕೇಳುತ್ತ ಹೋದ. ನೋವಿದೆಯೇ, ಹೊಲಿಗೆ ಒಣಗಿದೆಯೇ, ಊಟ ಸೇರುತ್ತಿದೆಯೇ. ಅವಳು ಒಂದೊಂದಕ್ಕೂ ಒಂದು ತಮಾಷೆ ಸೇರಿಸಿ ಉತ್ತರ ಕೊಟ್ಟಳು. ನಡುವೆ ತಂಗಿಯ ಮೊಬೈಲು ಹೊಡೆದುಕೊಂಡಿತು. ಚಾಮರಾಜಪೇಟೆಯಿಂದ ಅಧ್ಯಕ್ಷೆಯ ಗಂಡ. ತಂಗಿ ಫೋನನ್ನು ಅಕ್ಕನ ಕೈಗೆ ಕೊಟ್ಟಳು.

“ಯಾವಾಗ್ ಬರೋದಾ? ಡಾಕ್ಟ್ರು ಇನ್ನೂ ಯೋಳಿಲ್ಲ… ಇಲ್ಲ ಕಣ್ರೀ, ಅದೂ ಯೋಳಿಲ್ಲ… ಹಿಟ್ಟು ಡಬ್ಬಿ ಮೇಲ್ಗಡೆ ಐತೆ, ನೋಡ್ಕಳಿ.” ಫೋನು ತಂಗಿಗೆ ಕೊಟ್ಟು ಗೋಡೆಯ ಕಡೆ ಮಗ್ಗುಲಾದಳು.

“ಮನೆಗೆ ಹೋಗೋದು ಯಾವಾಗ ಅಂತ ಡಾಕ್ಟ್ರು ನಿಜವಾಗ್ಲೂ ಹೇಳಿಲ್ವಾ?” ಎಂದ ಗೆಳೆಯ, ಅದು ಪ್ರಶ್ನಾವಳಿಯಲ್ಲೂ ಇದ್ದುದರಿಂದ.

ಅವನು ಮತ್ತೊಮ್ಮೆ ಕೇಳಲು ಬಗ್ಗಿದ. ನಾನು ಅವನ ತೋಳು ಹಿಡಿದೆ. ಹಾಡುಹಗಲು, ಬಾಗಿಲಲ್ಲಿ ಬಿಸಿಲು, ಪಕ್ಕದಲ್ಲಿ ಕೂಸು ಚೀರುತ್ತಿತ್ತು. ಅವಳು ಬಾಯಿ ತೆರೆದುಕೊಂಡು ಗಾಢ ನಿದ್ದೆ ಹೋಗಿದ್ದಳು. ಆ ಮನೆಯಲ್ಲಿ ಯಾರೂ ಅವಳನ್ನು ಏಳು ಎನ್ನಲಿಲ್ಲ.